ಸ್ಪೋರ್ಟಿ ಸೆಡಾನ್‌ಗೆ ಪರ್ಫಾರ್ಮೆನ್ಸ್ ಟೈರ್: ಬ್ರ್ಯಾಂಡ್ ಯಾವ್ದು ಅಂತ ಕೊನೇಲಿ ಕೇಳಿ

ಟೈರ್ ಬದಲಾಯಿಸೋ ಟೈಮ್ ಬಂತು ಅಂದ ತಕ್ಷಣ ಎಲ್ರೂ ಮೊದ್ಲು ಕೇಳೋದು "ಯಾವ ಕಂಪನಿದು ಹಾಕಿಸ್ಲಿ?" ಅಂತ. ನನ್ನ ಪ್ರಕಾರ ಅದು ಕಟ್ಟಕಡೆಗೆ ಕೇಳ್ಬೇಕಾದ ಪ್ರಶ್ನೆ. ಸೈಜು, ನೀವು ಗಾಡಿ ಓಡಿಸೋ ರೀತಿ, ಮಳೆ, ಚಳಿ, ಇವಿಷ್ಟು ಇತ್ಯರ್ಥ ಆದ್ರೆ ಪಟ್ಟಿ ತಾನಾಗೇ ಮೂರ್ನಾಲ್ಕು ಹೆಸರಿಗೆ ಇಳಿಯತ್ತೆ, ಆಮೇಲೆ ಅದ್ರಲ್ಲಿ ಯಾವ್ದು ಹಾಕಿಸಿದ್ರೂ ಮೋಸ ಇಲ್ಲ. ಇನ್ನೊಂದು ಮೊದ್ಲೇ ಹೇಳ್ಬಿಡ್ತೀನಿ, ಪರ್ಫಾರ್ಮೆನ್ಸ್ ಟೈರ್ ಅಂದ್ರೆ ಜನ ತಿರುವಲ್ಲಿ ಎಷ್ಟು ಸ್ಪೀಡಲ್ಲಿ ನುಗ್ಬೋದು ಅಂತ ಯೋಚ್ನೆ ಮಾಡ್ತಾರೆ, ನಾನು ನೋಡೋದು ಒದ್ದೆ ರಸ್ತೇಲಿ ಬ್ರೇಕ್ ಒತ್ತಿದ್ರೆ ಎಷ್ಟು ದೂರಕ್ಕೆ ನಿಲ್ಲತ್ತೆ ಅಂತ. ಈ ಲೇಖನ ಪೂರ್ತಿ ಅದೇ ಕಣ್ಣಲ್ಲಿ ಬರ್ದಿರೋದು, ಟ್ರ್ಯಾಕಲ್ಲಿ ಲ್ಯಾಪ್ ಟೈಮ್ ಇಳ್ಸೋಕೆ ಟೈರ್ ಹುಡುಕ್ತಿರೋರಿಗೆ ಅಷ್ಟಾಗಿ ಉಪಯೋಗ ಆಗ್ಲಿಕ್ಕಿಲ್ಲ.

1. ಹಳೇ ಟೈರ್ ಬಿಚ್ಚೋ ಮುಂಚೆ ಕೈ ಸವರಿ ನೋಡಿ

ಹಳೇ ಟೈರ್ ಸವೆದಿರೋ ರೀತಿ ನೋಡಿದ್ರೆ ಅರ್ಧ ವಿಷ್ಯ ಅಲ್ಲೇ ಗೊತ್ತಾಗತ್ತೆ, ಆದ್ರೆ ಅದನ್ನ ಯಾರೂ ನೋಡಲ್ಲ, ಸೀದಾ ಬಿಚ್ಚಿ ಮೂಲೆಗೆ ಎಸೀತಾರೆ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಮುಂದಿನ ಟೈರ್ ಹೊರಗೆ ಬರೋ ಹಾಗೆ ಮಾಡ್ಕೊಳ್ಳಿ. ನಡುಭಾಗ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ ಇಟ್ಕೊಂಡು ಓಡ್ಸಿದೀರ, ಎರಡೂ ಅಂಚು ಸವೆದಿದ್ರೆ ಗಾಳಿ ಕಮ್ಮಿ ಇತ್ತು ಇಲ್ಲಾ ತಿರುವುಗಳಲ್ಲಿ ಚೆನ್ನಾಗೇ ಎಳ್ದಾಡಿದೀರ. ಒಳ ಅಂಚು ಮಾತ್ರ ಬೋಳಾಗಿ ಹೊರಗಡೆ ಟ್ರೆಡ್ (ರಸ್ತೆಗೆ ತಾಗೋ ರಬ್ಬರ್ ಪದರ, ಬಟನ್ ಅಂತಾರಲ್ಲ ಅದು) ಹೊಸದರ ಥರ ಇದ್ರೆ ಅಲೈನ್‌ಮೆಂಟ್, ಅಂದ್ರೆ ಚಕ್ರಗಳ ಕೋನದ ಹೊಂದಾಣಿಕೆ, ಕೆಟ್ಟಿದೆ. ಇದು ಹೊರಗಿಂದ ಕಣ್ಣಿಗೇ ಬೀಳಲ್ಲ, ಎಷ್ಟೋ ಸಲ ಒಳಗಡೆ ತಂತಿ ಹೊರಗೆ ಬಂದಿದ್ರೂ ಓನರ್‌ಗೆ ಗೊತ್ತಿರಲ್ಲ.

ಆಮೇಲೆ ಅಂಗೈನ ಟ್ರೆಡ್ ಮೇಲೆ ಇಟ್ಟು ಒಳಗಿಂದ ಹೊರಕ್ಕೆ ಒಂದ್ಸಲ, ಹೊರಗಿಂದ ಒಳಕ್ಕೆ ಒಂದ್ಸಲ ನಿಧಾನ ಸವರಿ. ಒಂದು ದಿಕ್ಕಲ್ಲಿ ನುಣ್ಣಗೆ ಹೋಗಿ ಇನ್ನೊಂದು ದಿಕ್ಕಲ್ಲಿ ಬ್ಲಾಕ್ ಅಂಚುಗಳು ಗರಗಸದ ಹಲ್ಲಿನ ಥರ ಕೈಗೆ ಸಿಕ್ಕಿದ್ರೆ ಟೋ ಸರಿ ಇಲ್ಲ, ಅಂದ್ರೆ ಎರಡು ಚಕ್ರ ನೇರ ಮುಂದಕ್ಕೆ ನೋಡೋ ಬದಲು ಸ್ವಲ್ಪ ಒಳಕ್ಕೋ ಹೊರಕ್ಕೋ ತಿರುಗಿ ರಬ್ಬರ್‌ನ ರಸ್ತೆಗೆ ಉಜ್ಜಿಕೊಂಡೇ ಹೋಗ್ತಿವೆ. ಇದನ್ನ ಸರಿ ಮಾಡ್ಸದೆ ಮೇಲ್ಗಡೆ ಎಂಥ ಟೈರ್ ಹಾಕಿಸಿದ್ರೂ ಅದೂ ಹಾಗೇ ಹಾಳಾಗತ್ತೆ. "ಈ ಟೈರ್ ಬೇಗ ಸವೀತು, ಶಬ್ದ ಜಾಸ್ತಿ" ಅನ್ನೋ ಕಂಪ್ಲೇಂಟುಗಳಲ್ಲಿ ಒಳ್ಳೇ ಪಾಲು ಟೈರ್ ತಪ್ಪಲ್ಲ, ಅಲೈನ್‌ಮೆಂಟ್ ತಪ್ಪು ಅನ್ನೋದು ನನ್ನ ಅನಿಸಿಕೆ.

2. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಬರ್ದಿರೋದನ್ನ ಓದಿ

ಉದಾಹರಣೆಗೆ 225/45 ಆರ್17 94 ಡಬ್ಲ್ಯೂ ಎಕ್ಸ್‌ಎಲ್ ಅಂತ ಇದೆ ಅಂದ್ಕೊಳ್ಳಿ. 225 ಅಂದ್ರೆ ಟೈರ್ ಅಗಲ ಎಂಎಂ ಲೆಕ್ಕದಲ್ಲಿ. 45 ಅಂದ್ರೆ ಸೈಡ್‌ವಾಲ್ ಎತ್ತರ ಆ ಅಗಲದ 45 ಪರ್ಸೆಂಟ್, ಸುಮಾರು 101 ಎಂಎಂ. ಆರ್ ಅಂದ್ರೆ ರೇಡಿಯಲ್ (ಒಳಗಿನ ದಾರ ಕಟ್ಟಿರೋ ರೀತಿ), 17 ಇಂಚು ರಿಮ್. 94 ಅನ್ನೋದು ಲೋಡ್ ಇಂಡೆಕ್ಸ್, ಒಂದು ಟೈರ್ 670 ಕೆಜಿ ತಡ್ಕೊಳ್ಳತ್ತೆ ಅಂತ, ಅದೇ 91 ಇದ್ರೆ 615 ಕೆಜಿ. ಅದ್ರ ಪಕ್ಕದ ಅಕ್ಷರ ಸ್ಪೀಡ್ ರೇಟಿಂಗ್, ಎಚ್ ಅಂದ್ರೆ ಗಂಟೆಗೆ 210 ಕಿಮೀ, ವಿ 240, ಡಬ್ಲ್ಯೂ 270, ವೈ 300.

"ನಾನೆಲ್ಲಿ 240ರಲ್ಲಿ ಹೋಗ್ತೀನಿ, ಎಚ್ ಸಾಕು ಬಿಡ್ರಿ" ಅನ್ನೋರು ಇದ್ದಾರೆ. ಸ್ಪೀಡ್ ರೇಟಿಂಗ್ ಬರೀ ಟಾಪ್ ಸ್ಪೀಡ್ ವಿಷ್ಯ ಅಲ್ಲ, ಬಿಸಿ ತಡ್ಕೊಳ್ಳೋ ಶಕ್ತಿನೂ ಅದ್ರಲ್ಲೇ ಬರತ್ತೆ, ಹೆಚ್ಚಿನ ರೇಟಿಂಗ್ ಟೈರ್‌ಗಳ ಒಳಗಿನ ಕಟ್ಟುನೂ ಸಾಮಾನ್ಯವಾಗಿ ಗಟ್ಟಿ, ಸ್ಟೇರಿಂಗ್ ತಿರುಗಿಸಿದ ತಕ್ಷಣ ಗಾಡಿ ಮೂತಿ ತಿರುಗೋದ್ರಲ್ಲಿ ಅದು ಗೊತ್ತಾಗತ್ತೆ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರತ್ತೆ, ಕೆಲವು ಗಾಡೀಲಿ ಪೆಟ್ರೋಲ್ ಮುಚ್ಚಳದ ಒಳಗೆ. ಸೈಜು ಮತ್ತು ಗಾಳಿ ಪ್ರೆಶರ್ ಅದ್ರಲ್ಲಿರತ್ತೆ, ಲೋಡ್ ಇಂಡೆಕ್ಸು ಸ್ಪೀಡ್ ರೇಟಿಂಗು ಅಲ್ಲಿಲ್ಲಾಂದ್ರೆ ಮ್ಯಾನುಯಲ್‌ನಲ್ಲಿ ಸಿಗತ್ತೆ. ಅದಕ್ಕಿಂತ ಕಮ್ಮಿ ಲೋಡ್, ಕಮ್ಮಿ ಸ್ಪೀಡ್ ರೇಟಿಂಗ್ ಟೈರ್ ಹಾಕಿಸ್ಬೇಡಿ, ಜಾಸ್ತಿ ಇದ್ರೆ ತೊಂದ್ರೆ ಇಲ್ಲ.

ಎಕ್ಸ್‌ಎಲ್ ಅಂದ್ರೆ ಸೈಜು ದೊಡ್ಡದು ಅಂತ ತಿಳ್ಕೊಂಡೋರು ಬೇಕಾದಷ್ಟು ಜನ. ಅದು ಎಕ್ಸ್‌ಟ್ರಾ ಲೋಡ್. ಅದೇ ಅಳತೆ, ಜಾಸ್ತಿ ಪ್ರೆಶರ್ ಇಟ್ಟು ಜಾಸ್ತಿ ಭಾರ ಹೊರೋ ಥರ ಕಟ್ಟಿರ್ತಾರೆ, ಸ್ವಲ್ಪ ಗಟ್ಟಿ ಅನ್ಸತ್ತೆ.

ಗಾಡಿ ಜತೆ ರನ್‌ಫ್ಲಾಟ್ ಬಂದಿದ್ರೆ ಅದು ಬೇರೆ ಕಥೆ. ಪಂಚರ್ ಆದ್ರೂ ಸಾಮಾನ್ಯವಾಗಿ ಗಂಟೆಗೆ 80 ಕಿಮೀ ಮೀರದೆ 80 ಕಿಮೀ ತನಕ ಓಡಿಸ್ಬೋದು, ಆದ್ರೆ ಸೈಡ್‌ವಾಲ್ ಗಟ್ಟಿ ಆಗಿರೋದ್ರಿಂದ ಪ್ರತಿ ಹಳ್ಳಾನೂ ಬೆನ್ನಿಗೆ ಗೊತ್ತಾಗತ್ತೆ. ಮಾಮೂಲಿ ಟೈರಿಗೆ ಬದಲಾಯಿಸಿದ್ರೆ ಗಾಡಿ ಮೆತ್ತಗಾಗತ್ತೆ, ನಂಗಂತೂ ಅದೇ ಇಷ್ಟ, ಆದ್ರೆ ಅಂಥ ಗಾಡೀಲಿ ಸಾಮಾನ್ಯವಾಗಿ ಸ್ಟೆಪ್ನಿ ಇರಲ್ಲ ಅನ್ನೋದು ನೆನಪಿರ್ಲಿ, ಪಂಚರ್ ಕಿಟ್ ಜತೆಗೊಂದು ಸಣ್ಣ ಕಂಪ್ರೆಸರ್ ಡಿಕ್ಕೀಲಿ ಇರ್ಲೇಬೇಕು. ಮಾಮೂಲಿ ಮತ್ತು ರನ್‌ಫ್ಲಾಟ್ ಮಿಕ್ಸ್ ಮಾಡಿ ಹಾಕಿಸ್ಬೇಡಿ.

3. ನಿಜವಾಗ್ಲೂ ಹೆಂಗೆ ಓಡಿಸ್ತೀರ ಅಂತ ಒಪ್ಕೊಳ್ಳಿ

ಇಲ್ಲೇ ಎಲ್ರೂ ತಮಗೆ ತಾವೇ ಸುಳ್ಳು ಹೇಳ್ಕೊಳ್ಳೋದು. ವಾರದಲ್ಲಿ ಐದು ದಿನ ಟ್ರಾಫಿಕ್ಕಲ್ಲಿ ಆಫೀಸಿಗೆ ಹೋಗ್ಬಂದು, ಯಾವಾಗ್ಲೋ ಒಂದು ಭಾನುವಾರ ಘಾಟ್ ರಸ್ತೇಲಿ ಓಡಿಸೋರಿಗೆ ಟ್ರ್ಯಾಕ್‌ಗೆ ಅಂತ ಮಾಡಿರೋ ಟೈರ್ ಬೇಕಾಗಿಲ್ಲ. ಅಂಥ ಟೈರ್‌ಗೆ ಹಿಡಿತ ಬರೋಕೆ ಬಿಸಿ ಆಗ್ಬೇಕು, ಬೆಳಿಗ್ಗೆ ತಣ್ಣಗಿರೋವಾಗ, ಮಳೆ ನೀರು ನಿಂತಿರೋ ರಸ್ತೇಲಿ, ಅವು ಸಾಧಾರಣ ಟೈರ್‌ಗಿಂತ ಹೆಚ್ಚು ಭಯ ಹುಟ್ಟಿಸ್ತವೆ.

ಸ್ಥೂಲವಾಗಿ ನಾಲ್ಕು ಗುಂಪು ಮಾಡ್ಕೋಬೋದು. ಮೊದಲ್ನೇದು ಟೂರಿಂಗ್, ಮೆತ್ತಗೆ, ಶಬ್ದ ಕಮ್ಮಿ, ತುಂಬಾ ದಿನ ಬಾಳಿಕೆ ಬರತ್ತೆ, ಆದ್ರೆ ಸ್ಟೇರಿಂಗ್ ಸ್ವಲ್ಪ ಮಂಕು. ಎರಡ್ನೇದು ಸಮ್ಮರ್ ಪರ್ಫಾರ್ಮೆನ್ಸ್, ಮಿಶೆಲಿನ್ ಪೈಲಟ್ ಸ್ಪೋರ್ಟ್ 5, ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಬ್ರಿಡ್ಜ್‌ಸ್ಟೋನ್ ಪೊಟೆಂಜಾ ಸ್ಪೋರ್ಟ್, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ 6 ಎಲ್ಲ ಈ ಗುಂಪಿಗೆ ಸೇರಿದ್ದು. ಮೂರ್ನೇದು ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಆಲ್ ಸೀಸನ್, ಉದಾಹರಣೆಗೆ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4 ಅಥವಾ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯೂಎಸ್ 06 ಪ್ಲಸ್. ನಾಲ್ಕನೇದು ರಸ್ತೆಗೂ ಆಗೋ ಟ್ರ್ಯಾಕ್ ಟೈರ್, ಪೊಟೆಂಜಾ ಆರ್‌ಇ-71ಆರ್‌ಎಸ್, ಯೋಕೋಹಾಮಾ ಅಡ್ವಾನ್ ಎ052 ಥರದ್ದು. ಸ್ಪೋರ್ಟಿ ಸೆಡಾನ್ ಇಟ್ಕೊಂಡಿರೋರಲ್ಲಿ ಹೆಚ್ಚಿನವ್ರಿಗೆ ಎರಡ್ನೇ ಗುಂಪು, ಚಳಿ ಪ್ರದೇಶದವ್ರಿಗೆ ಮೂರ್ನೇ ಗುಂಪು. ಮುಗೀತು.

ಚಳಿ ಅಂದ್ರೆ ಎಷ್ಟು ಚಳಿ ಅಂದ್ರೆ, ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿಂದ ಕೆಳಗಿಳಿದ್ರೆ ಸಮ್ಮರ್ ಟೈರ್ ರಬ್ಬರ್ ಗಟ್ಟಿ ಆಗ್ತಾ ಹೋಗತ್ತೆ, ಹಿಡಿತ ಇಳಿಯತ್ತೆ. ಹಿಮ ಬೀಳೋ ಕಡೆ ಇದ್ರೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರೋ ಗುರುತು ಸೈಡ್‌ವಾಲ್ ಮೇಲೆ ಇದೆಯಾ ನೋಡಿ, ಅದು ಹಿಮದ ಮೇಲೆ ಟೆಸ್ಟ್ ಮಾಡಿ ಪಾಸಾದ ಟೈರ್‌ಗೆ ಮಾತ್ರ ಸಿಗೋದು. ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಅಂದ್ರೆ ಕೆಸರು, ಹಿಮ) ಅಂತ ಮಾತ್ರ ಇದ್ರೆ ಅದನ್ನ ನಂಬ್ಕೊಂಡು ಹಿಮಕ್ಕೆ ಇಳೀಬೇಡಿ.

4. ಒದ್ದೆ ರಸ್ತೆ ಲೆಕ್ಕ

ಇದಕ್ಕೆ ಸ್ವಲ್ಪ ಜಾಸ್ತಿ ಟೈಮ್ ಕೊಡೋಣ. ಎರಡು ಟೈರ್ ಇವೆ ಅಂದ್ಕೊಳ್ಳಿ. ಒದ್ದೆ ರಸ್ತೇಲಿ ಗಂಟೆಗೆ 80 ಕಿಮೀ ಸ್ಪೀಡಿಂದ ಬ್ರೇಕ್ ಹಾಕಿದ್ರೆ ಒಂದು 30 ಮೀಟರಿಗೆ ನಿಲ್ಲತ್ತೆ, ಇನ್ನೊಂದು 34 ಮೀಟರಿಗೆ. ನಾಲ್ಕು ಮೀಟರ್ ತಾನೇ, ಒಂದು ಗಾಡಿ ಉದ್ದನೂ ಇಲ್ಲ ಅನ್ಸತ್ತೆ. ಆದ್ರೆ ಮೊದಲ್ನೇ ಗಾಡಿ ಪೂರ್ತಿ ನಿಂತಿರೋ ಜಾಗದಲ್ಲಿ ಎರಡ್ನೇ ಗಾಡಿ ಇನ್ನೂ ಗಂಟೆಗೆ ಸುಮಾರು 27 ಕಿಮೀ ಸ್ಪೀಡಲ್ಲಿ ಇರತ್ತೆ, ಯಾಕಂದ್ರೆ ಸ್ಪೀಡು ಸಮನಾಗಿ ಇಳಿಯಲ್ಲ, ಬ್ರೇಕಿಂಗ್ ದೂರದ ಕೊನೇ ಕೆಲವು ಮೀಟರಲ್ಲೇ ಸಿಕ್ಕಾಪಟ್ಟೆ ಸ್ಪೀಡ್ ಕಳ್ಕೊಳ್ಳೋದು. 27ರಲ್ಲಿ ಮುಂದಿನ ಗಾಡಿಗೆ ಗುದ್ದಿದ್ರೆ ಬಂಪರು, ಬಾನೆಟ್ಟು, ರೇಡಿಯೇಟರು ಎಲ್ಲಾ ಹೋಯ್ತು, ಅಡ್ಡ ಬಂದಿರೋದು ಮನುಷ್ಯ ಆದ್ರೆ ಕೇಳೋದೇ ಬೇಡ.

ಒದ್ದೇಲಿ ಹಿಡಿತ ಎಲ್ಲಿಂದ ಬರತ್ತೆ ಅಂದ್ರೆ ಎರಡು ಕಡೆಯಿಂದ. ಒಂದು, ಟ್ರೆಡ್‌ನ ಕಾಲುವೆ ನೀರನ್ನ ಹೊರಗೆ ತಳ್ಳೋದು. ಹೊಸ ಟೈರಲ್ಲಿ ಈ ಕಾಲುವೆ ಸುಮಾರು 8 ಎಂಎಂ ಆಳ ಇರತ್ತೆ, ಸವೀತಾ ಸವೀತಾ ನೀರಿಗೆ ಜಾಗ ಕಮ್ಮಿ ಆಗಿ ಟೈರು ನೀರಿನ ಮೇಲೆ ತೇಲೋಕೆ ಶುರು ಮಾಡತ್ತೆ. ಬೇರೆಲ್ಲಾ ಒಂದೇ ಥರ ಇದ್ರೆ ಅಗಲ ಟೈರು ಬೇಗ ತೇಲತ್ತೆ, ಗಾಳಿ ಕಮ್ಮಿ ಇದ್ರೆ ಇನ್ನೂ ಬೇಗ. ಎರಡು, ರಬ್ಬರ್. ರಸ್ತೆ ಮೇಲಿನ ಸಣ್ಣ ಸಣ್ಣ ಕಲ್ಲಿನ ಮೊನೆಗಳಿಗೆ ರಬ್ಬರ್ ಒತ್ಕೊಂಡು ಅದ್ರ ಆಕಾರಕ್ಕೆ ತಿರುಗಿ, ತಕ್ಷಣ ವಾಪಸ್ ಚಿಮ್ಮದೆ ಸ್ವಲ್ಪ ತಡವಾಗಿ ವಾಪಸ್ ಬರತ್ತಲ್ಲ, ಆ ತಡದಲ್ಲಿ ಕಳೆದುಹೋಗೋ ಶಕ್ತಿನೇ ಹಿಡಿತ. ತೊಂದ್ರೆ ಏನಂದ್ರೆ ಸುಮ್ನೆ ಉರುಳ್ವಾಗಲೂ ಹಿಂಗೇ ಶಕ್ತಿ ಕಳೆದ್ರೆ ಮೈಲೇಜ್ ಹೋಗತ್ತೆ. 1990ರ ದಶಕದ ಶುರುವಲ್ಲಿ ಮಿಶೆಲಿನ್ ಟ್ರೆಡ್ ರಬ್ಬರ್‌ಗೆ ಕಾರ್ಬನ್ ಬ್ಲ್ಯಾಕ್ ಬದಲು ಹೆಚ್ಚಾಗಿ ಸಿಲಿಕಾ ಹಾಕೋ ದಾರಿ ತೋರಿಸ್ತು, ಅದ್ರಿಂದ ಬ್ರೇಕ್ ಹಾಕ್ವಾಗ ಹಿಡಿತ ಉಳಿಸ್ಕೊಂಡು ಉರುಳ್ವಾಗ ಶಕ್ತಿ ಕಳೆಯೋದನ್ನ ಕಮ್ಮಿ ಮಾಡೋಕೆ ಆಯ್ತು. ಇವತ್ತಿನ ಒಳ್ಳೇ ಟೈರ್‌ಗಳೆಲ್ಲಾ ಅದೇ ದಾರೀಲಿರೋದು, ಆದ್ರೆ ಯಾರ ಮಿಶ್ರಣ ಎಷ್ಟು ಚೆನ್ನಾಗಿದೆ ಅನ್ನೋದು ಕಣ್ಣಿಗೆ ಕಾಣಲ್ಲ. ಟ್ರೆಡ್ ಡಿಸೈನ್ ನೋಡಿ "ಏನ್ ಆಕ್ರಮಣಕಾರಿಯಾಗಿದೆ ಗುರು" ಅಂತ ಟೈರ್ ತಗೊಳ್ಳೋದು ಅದಕ್ಕೇ ಕೆಲ್ಸಕ್ಕೆ ಬರಲ್ಲ.

5. ಸೈಜ್ ದೊಡ್ಡದು ಮಾಡೋ ಆಸೆ

ಅಂಗಡಿಗೆ ಹೋದ್ರೆ "ಒಂದಿಂಚು ಅಪ್‌ಸೈಜ್ ಮಾಡ್ಸಿ ಸಾರ್, ಲುಕ್ಕೇ ಬೇರೆ" ಅಂತಾರೆ. ಲುಕ್ ಬೇರೆ ಆಗೋದು ನಿಜ. ಮಾಡ್ಸೋದೇ ಆದ್ರೆ ಲೆಕ್ಕ ಹಾಕಿ ಮಾಡ್ಸಿ. 225/45 ಆರ್17 ಟೈರಿನ ಒಟ್ಟು ಎತ್ತರ ಸುಮಾರು 634 ಎಂಎಂ. 18 ಇಂಚಿಗೆ ಹೋದ್ರೆ 225/40 ಆರ್18 ಸುಮಾರು 637 ಎಂಎಂ, ಅರ್ಧ ಪರ್ಸೆಂಟ್ ವ್ಯತ್ಯಾಸ, ಪರ್ವಾಗಿಲ್ಲ. 235/40 ಆರ್18 ಆದ್ರೆ 645, ಒಂದೂಮುಕ್ಕಾಲು ಪರ್ಸೆಂಟಿನ ಹತ್ರ. ಅದೇ 45 ಇರ್ಲಿ ಅಂತ 225/45 ಆರ್18 ಹಾಕ್ಸಿದ್ರೆ 660 ಎಂಎಂ, ನಾಲ್ಕು ಪರ್ಸೆಂಟ್ ಜಾಸ್ತಿ, ಮೀಟರ್ ಅದೇ 100 ತೋರಿಸ್ವಾಗ ಗಾಡಿ ಮೊದ್ಲಿಗಿಂತ ನಾಲ್ಕು ಪರ್ಸೆಂಟ್ ಜಾಸ್ತಿ ಓಡ್ತಿರತ್ತೆ, ಮಡ್‌ಗಾರ್ಡ್ ಒಳಗೆ ಉಜ್ಜೋ ಚಾನ್ಸೂ ಇದೆ. ನಾನಾದ್ರೆ ಎರಡು ಪರ್ಸೆಂಟ್ ದಾಟಲ್ಲ.

ಎತ್ತರ ಸರಿ ಹೋದ್ರೂ 17ರಿಂದ 18ಕ್ಕೆ ಹೋದಾಗ ಸೈಡ್‌ವಾಲ್ 101ರಿಂದ 90 ಎಂಎಂಗೆ ಇಳಿಯತ್ತೆ. ಗುಂಡಿಗೆ ಬಿದ್ದಾಗ ರಿಮ್‌ನ ಕಾಪಾಡೋದು ಆ 11 ಎಂಎಂ ರಬ್ಬರ್ರೇ. ದೊಡ್ಡ ಅಲಾಯ್ ಸಾಮಾನ್ಯವಾಗಿ ಭಾರನೂ ಜಾಸ್ತಿ, ಸಸ್ಪೆನ್ಷನ್ ಕೆಳಗಿನ ಭಾರ ಜಾಸ್ತಿ ಆದಷ್ಟೂ ಚಕ್ರ ರಸ್ತೆನ ಹಿಂಬಾಲಿಸೋದು ಕಷ್ಟ. ಅಲಾಯ್‌ಗೆ ಹಾಕೋ ದುಡ್ಡನ್ನ ಕಂಪನಿ ಸೈಜಲ್ಲೇ ಒಂದು ಮಟ್ಟ ಮೇಲಿನ ಟೈರ್‌ಗೆ ಹಾಕಿ ಅಂತ ನಾನು ಯಾರು ಕೇಳಿದ್ರೂ ಹೇಳೋದು, ಕೇಳೋರು ಕಮ್ಮಿ.

ಟೈರ್ ಅಗಲ ಜಾಸ್ತಿ ಮಾಡಿ ರಿಮ್ ಹಳೇದೇ ಇಟ್ಕೊಳ್ಳೋರು ಟೈರ್ ಕಂಪನಿ ಹೇಳಿರೋ ರಿಮ್ ಅಗಲ ಚೆಕ್ ಮಾಡಿ, 225/45 ಆರ್17ಗೆ ಅದು 7ರಿಂದ 8.5 ಇಂಚು. ಕಿರಿದಾದ ರಿಮ್ ಮೇಲೆ ಅಗಲ ಟೈರ್ ಕೂರ್ಸಿದ್ರೆ ಸೈಡ್‌ವಾಲ್ ಉಬ್ಬಿಕೊಂಡು ತಿರುವಲ್ಲಿ ಓಲಾಡತ್ತೆ, ದುಡ್ಡು ಕೊಟ್ಟು ಹ್ಯಾಂಡ್ಲಿಂಗ್ ಕೆಡಿಸ್ಕೊಂಡ ಹಾಗೆ.

6. ರೇಟಿಂಗು, ಟೆಸ್ಟು

ಅಮೆರಿಕದಲ್ಲಿ ಟೈರ್ ಗುಣಮಟ್ಟಕ್ಕೆ ಕೊಡೋ ಯುಟಿಕ್ಯೂಜಿ ರೇಟಿಂಗಲ್ಲಿ ಟ್ರೆಡ್‌ವೇರ್ ಅಂತ ಒಂದು ನಂಬರ್ ಇರತ್ತೆ. ಜಾಸ್ತಿ ಇದ್ದಷ್ಟು ಜಾಸ್ತಿ ಬಾಳಿಕೆ ಅಂತ ಲೆಕ್ಕ. ಎ052ಗೆ 200, ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಡಿಡಬ್ಲ್ಯೂಎಸ್ 06 ಪ್ಲಸ್‌ಗೆ 560, ಗುಂಪುಗಳ ಸ್ವಭಾವ ಇಲ್ಲೇ ಗೊತ್ತಾಗತ್ತೆ. ಆದ್ರೆ ಈ ನಂಬರ್ ಕೊಡೋದು ಟೈರ್ ಕಂಪನಿಗಳೇ, ಹಾಗಾಗಿ ಒಂದು ಕಂಪನಿಯ 300ನ ಇನ್ನೊಂದು ಕಂಪನಿಯ 340 ಜತೆ ತೂಗಿ ನೋಡೋದ್ರಲ್ಲಿ ಅರ್ಥ ಇಲ್ಲ. ಅದೇ ರೇಟಿಂಗಲ್ಲಿ ಟ್ರ್ಯಾಕ್ಷನ್ ಅಂತ ಡಬಲ್ ಎ, ಎ, ಬಿ, ಸಿ ಕೊಟ್ಟಿರ್ತಾರೆ, ಅದು ಒದ್ದೆ ರಸ್ತೇಲಿ ನೇರ ಬ್ರೇಕಿಂಗ್ ಮಾತ್ರ, ತಿರುವಿನ ಹಿಡಿತ ಅದ್ರಲ್ಲಿ ಬರಲ್ಲ.

ಯುರೋಪಿನ ಲೇಬಲ್ 2021ರ ಮೇ ತಿಂಗಳಿಂದ ಹೊಸ ರೂಪದಲ್ಲಿದೆ, ಇಂಧನಕ್ಕೆ ಎ ಇಂದ ಇ, ಒದ್ದೆ ಹಿಡಿತಕ್ಕೆ ಎ ಇಂದ ಇ, ಶಬ್ದ ಡೆಸಿಬಲ್‌ನಲ್ಲಿ. ಒದ್ದೆ ಹಿಡಿತ ಎ ಇರೋದನ್ನ ಮಾತ್ರ ಪಟ್ಟೀಲಿ ಇಟ್ಕೊಳ್ಳಿ, ಸ್ಪೋರ್ಟಿ ಸೆಡಾನ್ ಸೈಜುಗಳಲ್ಲಿ ಅಂಥವು ಧಾರಾಳ ಸಿಗ್ತವೆ. ಶಬ್ದದ ನಂಬರ್ ಗಾಡಿ ಹೊರಗೆ ನಿಂತು ಅಳೆದಿದ್ದು, ಒಳಗೆ ಕೂತೋರಿಗೆ ಎಷ್ಟು ಕೇಳತ್ತೆ ಅನ್ನೋದಲ್ಲ.

ಇವೆಲ್ಲಕ್ಕಿಂತ ಉಪಯೋಗ ಆಗೋದು ಹತ್ತಾರು ಟೈರ್‌ನ ಒಂದೇ ಥರದ ಪರಿಸ್ಥಿತೀಲಿ ಒಂದೇ ಮಾಡೆಲ್ ಗಾಡಿಗೆ ಹಾಕಿ ಮಾಡೋ ಹೋಲಿಕೆ ಟೆಸ್ಟುಗಳು, ಜರ್ಮನಿಯ ಕಾರು ಕ್ಲಬ್ ಎಡಿಎಸಿ, ಕಾರು ಪತ್ರಿಕೆ ಆಟೋ ಬಿಲ್ಡ್ ಥರದವ್ರು ಮಾಡೋದು. ಒಟ್ಟು ರ‍್ಯಾಂಕ್ ನೋಡಿ ಮುಚ್ಚಿಡ್ಬೇಡಿ. ಟೆಸ್ಟ್ ಮಾಡಿದ ಸೈಜು ನಿಮ್ಮದಕ್ಕೆ ಹತ್ರ ಇದೆಯಾ, ಒದ್ದೆ ಬ್ರೇಕಿಂಗ್ ಎಷ್ಟು ಮೀಟರ್, ನೀರು ನಿಂತ ಕಡೆ ಯಾವ ಸ್ಪೀಡಲ್ಲಿ ತೇಲಕ್ಕೆ ಶುರು ಮಾಡ್ತು, ಈ ಮೂರು ನೋಡಿ. ಲ್ಯಾಪ್ ಟೈಮಲ್ಲಿ ಕಾಲು ಸೆಕೆಂಡ್ ಹಿಂದೆ ಬಿದ್ದು ಈ ಮೂರರಲ್ಲಿ ಮುಂದಿರೋ ಟೈರ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ.

7. ಅಂಗಡೀಲಿ

ಬಿಲ್ ಮಾಡ್ಸೋ ಮುಂಚೆ ತಯಾರಾದ ತಾರೀಕು ನೋಡಿ. ಸೈಡ್‌ವಾಲ್ ಮೇಲೆ ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ, 3724 ಅಂದ್ರೆ 2024ರ 37ನೇ ವಾರ. ಪೂರ್ತಿ ಕೋಡ್ ಒಂದೇ ಕಡೆ ಇರ್ಬೋದು, ಈ ಕಡೆ ಕಾಣ್ಲಿಲ್ಲಾಂದ್ರೆ ಟೈರ್ ತಿರುಗಿಸಿ ನೋಡಿ, ಮತ್ತೆ ನಾಲ್ಕಕ್ಕೆ ನಾಲ್ಕೂ ನೋಡಿ. ಒಂದು ವರ್ಷದೊಳಗಿನದು ಆದ್ರೆ ನಾನು ತಕರಾರು ಮಾಡಲ್ಲ, ಎರಡು ದಾಟಿದ್ರೆ ಬೇರೆ ಸೆಟ್ ಕೇಳ್ತೀನಿ.

ನಾಲ್ಕೂ ಒಂದೇ ಸಲ ಹಾಕಿಸೋದು ಉತ್ತಮ. ಎರಡೇ ಆಗೋದು ಅಂದ್ರೆ ಹೊಸ ಎರಡು ಹಿಂದಕ್ಕೆ. ಫ್ರಂಟ್ ವೀಲ್ ಡ್ರೈವ್ ಗಾಡೀಲೂ ಹಿಂದಕ್ಕೇ. ಇದನ್ನ ಹೇಳಿದ್ರೆ ಜಗಳಕ್ಕೇ ಬರ್ತಾರೆ, "ಎಳಿಯೋದೂ ತಿರುಗೋದೂ ಮುಂದಿನ ಚಕ್ರ ಅಲ್ವಾ" ಅಂತ. ಅಲ್ವೇ ಮತ್ತೆ, ಆದ್ರೆ ನೀರಲ್ಲಿ ಮುಂದಿನ ಟೈರ್ ಜಾರಿದ್ರೆ ಗಾಡಿ ನೇರ ಹೋಗತ್ತೆ, ಕಾಲು ತೆಗೆದ್ರೆ ಸುಧಾರಿಸ್ಕೊಳ್ಳತ್ತೆ, ಹಿಂದಿನದು ಜಾರಿದ್ರೆ ಗಾಡಿ ಗಿರಕಿ ಹೊಡಿಯತ್ತೆ, ಆಗ ಸಾಧಾರಣ ಡ್ರೈವರ್ ಕೈಲಿ ಏನೂ ಇರಲ್ಲ. ಆಲ್ ವೀಲ್ ಡ್ರೈವ್ ಗಾಡಿ ಆದ್ರೆ ಹೊಸದು ಹಳೇದು ಬೆರೆಸೋ ಮುಂಚೆ ಮ್ಯಾನುಯಲ್ ನೋಡಿ, ನಾಲ್ಕೂ ಟೈರಿನ ಸುತ್ತಳತೆ ಹೆಚ್ಚುಕಮ್ಮಿ ಆದ್ರೆ ಡಿಫರೆನ್ಷಿಯಲ್‌ಗೆ (ಚಕ್ರಗಳಿಗೆ ಶಕ್ತಿ ಹಂಚೋ ಗೇರ್‌ಗಳಿಗೆ) ಪೆಟ್ಟು.

ಫಿಟ್ಟಿಂಗ್ ಮಾಡ್ವಾಗ ಪಕ್ಕದಲ್ಲೇ ನಿಂತ್ಕೊಳ್ಳಿ, ನಾಚ್ಕೋಬೇಡಿ. ಔಟ್‌ಸೈಡ್ ಅಂತ ಬರ್ದಿರೋ ಕಡೆ ಹೊರಗೆ ಬರ್ಬೇಕು, ಬಾಣದ ಗುರುತು ಇದ್ರೆ ಗಾಡಿ ಮುಂದೆ ಹೋಗೋ ದಿಕ್ಕಿಗೆ ತಿರುಗ್ಬೇಕು. ವಾಲ್ವ್ ಹೊಸದು ಹಾಕ್ಸಿ. ನಟ್‌ನ ಗನ್ನಲ್ಲಿ ಬಿಗಿ ಮಾಡಿ ಬಿಟ್ಬಿಡೋರೇ ಜಾಸ್ತಿ, ಕೊನೇಗೆ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಮ್ಯಾನುಯಲ್ ಹೇಳಿದಷ್ಟಕ್ಕೆ ಬಿಗಿ ಮಾಡ್ಸಿ, ಐವತ್ತು ನೂರು ಕಿಮೀ ಆದ್ಮೇಲೆ ಮತ್ತೊಂದ್ಸಲ ಚೆಕ್ ಮಾಡ್ಸಿ. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಅವತ್ತೇ ಆಗ್ಬೇಕು, ಅಲೈನ್‌ಮೆಂಟ್ ರಿಪೋರ್ಟ್ ಪ್ರಿಂಟ್ ಕೇಳಿ ತಗೊಳ್ಳಿ, ಮುಂಚೆ ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅಂತ ಎರಡೂ ಅದ್ರಲ್ಲಿ ಇರತ್ತೆ.

8. ಹಾಕಿಸಿದ ಮೇಲೆ

ಮೊದಲ ಇನ್ನೂರು ಮುನ್ನೂರು ಕಿಮೀ ಮೆತ್ತಗೆ ಓಡಿಸಿ, ಅಚ್ಚಿಂದ ತೆಗೆಯೋಕೆ ಬಳಸಿರೋ ಜಾರೋ ಪದಾರ್ಥ ಮೇಲ್ಮೈಲಿ ಇನ್ನೂ ಇರತ್ತೆ. ಹೊಸದ್ರಲ್ಲಿ ಟ್ರೆಡ್ ಬ್ಲಾಕ್ ಎತ್ತರ ಇರೋದ್ರಿಂದ ಸ್ಟೇರಿಂಗ್ ಕೊಂಚ ಸಡಿಲ ಅನ್ಸೋದೂ ಉಂಟು, ಸ್ವಲ್ಪ ಸವೆದ್ಮೇಲೆ ಚುರುಕಾಗತ್ತೆ.

ಗಾಳಿ ತಿಂಗಳಿಗೊಮ್ಮೆ, ಗಾಡಿ ಮೂರು ಗಂಟೆಯಾದ್ರೂ ನಿಂತಿದ್ದ ಮೇಲೆ ನೋಡಿ. ಸೈಡ್‌ವಾಲ್ ಮೇಲೆ ಬರ್ದಿರೋ ಪ್ರೆಶರ್ ಟೈರ್ ತಡೆಯೋ ಗರಿಷ್ಠ, ಅದನ್ನ ತುಂಬಿಸ್ಬೇಡಿ, ಬಾಗಿಲ ಸ್ಟಿಕ್ಕರ್‌ದು ತುಂಬಿಸಿ. ಹವೆ 10 ಡಿಗ್ರಿ ತಣ್ಣಗಾದ್ರೆ ಸುಮಾರು ಒಂದೂವರೆ ಪಿಎಸ್ಐ ಇಳಿಯತ್ತೆ, ಚಳಿಗಾಲದ ಮೊದಲ ವಾರ ಡ್ಯಾಶಲ್ಲಿ ಟೈರ್ ಲೈಟ್ ಬರೋದು ಎಷ್ಟೋ ಸಲ ಇದಕ್ಕೇ, ಪಂಚರ್ ಅಂತ ಗಾಬರಿ ಬೇಡ.

ಸೈಡ್‌ವಾಲಲ್ಲಿ ಗುಳ್ಳೆ ಬಂದ್ರೆ ಒಳಗಿನ ದಾರ ಹರಿದಿದೆ ಅಂತ ಅರ್ಥ, ಅದಕ್ಕೆ ರಿಪೇರಿ ಇಲ್ಲ, ಟೈರ್ ಬದಲಾಯಿಸೋದೇ. ಕಾಲುವೆ ಒಳಗಿರೋ ಸಣ್ಣ ದಿಬ್ಬದ ಮಟ್ಟಕ್ಕೆ ಟ್ರೆಡ್ ಬಂದ್ರೆ 1.6 ಎಂಎಂ ಉಳಿದಿದೆ ಅಂತ, ತುಂಬಾ ದೇಶಗಳಲ್ಲಿ ಕಾನೂನಿನ ಕೊನೇ ಗೆರೆ ಅದು. ಮಳೇಲಿ ಓಡಿಸೋರು ಅಲ್ಲೀತನಕ ಕಾಯ್ಬೇಡಿ, 3 ಎಂಎಂಗೆ ಬಂದಾಗ್ಲೇ ಹೊಸದು ನೋಡಿ.

ರೊಟೇಶನ್, ಅಂದ್ರೆ ಟೈರ್‌ಗಳ ಜಾಗ ಅದಲು ಬದಲು ಮಾಡೋದು, 8ರಿಂದ 10 ಸಾವಿರ ಕಿಮೀಗೊಮ್ಮೆ. ಬಾಣ ಇರೋ ಟೈರ್ ಆದ್ರೆ ಅದೇ ಪಕ್ಕದಲ್ಲಿ ಮುಂದಿನದು ಹಿಂದಕ್ಕೆ ಮಾತ್ರ, ಔಟ್‌ಸೈಡ್ ಗುರುತಿನ ಟೈರ್ ಎಡ ಬಲನೂ ಬದಲಾಯಿಸ್ಬೋದು. ಮುಂದೆ ಒಂದು ಸೈಜು ಹಿಂದೆ ಒಂದು ಸೈಜು ಇರೋ ಗಾಡೀಲಿ ಮುಂದು ಹಿಂದು ಮಾಡೋಕೆ ಆಗಲ್ಲ, ಅಂಥ ಗಾಡಿಗಳು ಹೆಚ್ಚಾಗಿ ರಿಯರ್ ವೀಲ್ ಡ್ರೈವ್ ಆಗಿರೋದ್ರಿಂದ ಹಿಂದಿನ ಜೋಡಿ ಮೊದ್ಲು ಮುಗಿಯತ್ತೆ, ಟೈರ್ ತಗೊಳ್ವಾಗ್ಲೇ ಆ ಮಾಡೆಲ್ಲಿನ ಹಿಂದಿನ ಸೈಜು ಬಿಡಿಯಾಗಿ ಸಿಗತ್ತಾ ಅಂತ ಕೇಳಿಟ್ಕೊಳ್ಳಿ.